ಕಣ್ಣು ಕೀಳುವ ಸಾಹೇಬರು

ಗ್ರಾಹಕ ರಕ್ಷಣಾ ಕಚೇರಿಯ ಆಟಿಕೆ ತಪಾಸಕರಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಕಣ್ಣು ಕೀಳುವ ಸಾಹೇಬರು. ಯಾವ ಬೊಂಬೆ ಮೇಜಿಗೆ ಬಂದರೂ ಮೊದಲು ಇಕ್ಕಳ ಹಾಕಿ ಅದರ ಕಣ್ಣು ಜಗ್ಗುತ್ತಾರೆ. ಹಿಂದೆಲ್ಲ ಅದು ಕಿತ್ತು ಬಂದರೆ ಇಡೀ ಲೋಡು ಬಂದ ದಾರಿ ಹಿಡಿಯುತ್ತಿತ್ತು. ನೆಂಟರ ಮನೆಯ ಹುಟ್ಟುಹಬ್ಬದಲ್ಲೂ ಉಡುಗೊರೆ ಕರಡಿಯ ಕಣ್ಣಿಗೆ ಕೈ ಹಾಕಿ, "ರೀ, ಇದು ನಿಮ್ಮ ಆಫೀಸಲ್ಲ!" ಎಂದು ಹೆಂಡತಿಯಿಂದ ಬೈಸಿಕೊಳ್ಳದೆ ಅವರಿಗೆ ಊಟ ಸೇರುವುದಿಲ್ಲ. ಅಂಥವರ ಇಕ್ಕಳಕ್ಕೆ ಈಗ ಹೊರದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದ ಬೀಗ ಜಡಿದಿದೆ: ಕಳಿಸುವ ದೇಶದ ಪ್ರಮಾಣಪತ್ರವಿದ್ದರೆ ಇಲ್ಲಿ ಮತ್ತೆ ಪರೀಕ್ಷಿಸುವಂತಿಲ್ಲ. "ನಾವು ಮುಟ್ಟಿದ್ರೆ ವ್ಯಾಪಾರಕ್ಕೆ ಅಡ್ಡಿ ಅಂತ ದೂರು ಹೋಗುತ್ತೆ, ಸುಮ್ನೆ ಸೀಲು ಹಾಕ್ರಿ," ಎನ್ನುತ್ತಾರೆ ಮೇಲಧಿಕಾರಿ. ಸಾಹೇಬರ ಪಿತ್ತ ನೆತ್ತಿಗೇರುತ್ತದೆ. "ಮತ್ತೆ ನಮ್ಮ ಕಾನೂನು ಯಾಕಿದೆ, ಗೋಡೆಗೆ ಅಂಟಿಸೋಕಾ? ಈ ಒಪ್ಪಂದಕ್ಕೆ, ಕಣ್ಣು ನುಂಗೋ ಕೂಸಿನ ಗಂಟಲ ಹತ್ರ ಯಾರು ಸಹಿ ಹಾಕಿಸ್ಕೊಂಡ್ರು?" ಎಂಬ ಅವರ ಕೂಗು ಮೂರನೇ ಮಹಡಿಗೂ ಕೇಳುತ್ತದೆ. ಕೂಗಿದ ಮೇಲೆ ಬೊಂಬೆಯನ್ನು ಜಗ್ಗಿಯೇ ಜಗ್ಗುತ್ತಾರೆ, ಕಿತ್ತು ಬಂದ ಕಣ್ಣನ್ನು ಕಡತಕ್ಕೆ ಅಂಟಿಸಿ, ಸೀಲು ಹಾಕದೆ ಎದ್ದು ಹೋಗುತ್ತಾರೆ. ಈ ತಪ್ಪಿಗೆ ಇದುವರೆಗೆ ಐದು ಮೆಮೊ ಬಂದಿವೆ. ಇವರಿಗೆ ತಲೆ ಕೆಟ್ಟಿದೆ ಎಂದು ನಗುವವರು ಯಾರೂ ಅವರ ಡ್ರಾಯರಿನ ಬೆಂಕಿಪೊಟ್ಟಣ ತೆರೆದು ನೋಡಿಲ್ಲ. ಅದರಲ್ಲಿ ಬೊಂಬೆಯದೊಂದು ಕಪ್ಪು ಗಾಜಿನ ಕಣ್ಣಿದೆ, ಒಂದೇ ಒಂದು. ಒಬ್ಬ ತಾಯಿ ಲಕೋಟೆಯಲ್ಲಿಟ್ಟು ಕಳಿಸಿದ್ದು. ಮಗುವಿನ ಗಂಟಲಿನಿಂದ ವೈದ್ಯರು ಅದನ್ನು ಹೊರತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಒಪ್ಪಂದ ಬಂದ ಮೊದಲ ವಾರ, ಮೇಲಿನವರ ಮಾತು ಕೇಳಿ, ಜಗ್ಗಿ ನೋಡದೆ ಸಾಹೇಬರು ಸೀಲು ಹಾಕಿದ್ದು ಆ ಬೊಂಬೆ ಬಂದಿದ್ದ ಒಂದು ಲೋಡಿಗೆ ಮಾತ್ರ.