ರುದ್ರವ್ವ ಎರಡು ಸಲ ಆರಿಸಿದ ಕಾಲೇಜು

ಕಾಲೇಜು ಸೇರುತ್ತೇನೆಂದು ಹೊರಟಾಗ ರುದ್ರವ್ವನಿಗೆ ಇಪ್ಪತ್ತಮೂರು ವರ್ಷ. ಅದು ೧೯೫೩ರ ಮಳೆಗಾಲದ ಶುರು. ದಾದರಿನ ನಮ್ಮ ಚಾಳಿನಲ್ಲಿ, ನಮ್ಮ ಖೋಲಿಯಿಂದ ಒಂದು ಗೋಡೆಯಾಚೆ, ಅಣ್ಣ ಪರಪ್ಪ ಮತ್ತು ಅವನ ಹೆಂಡತಿ ಶರಣವ್ವನ ಜೊತೆ ಅವಳು ಇದ್ದಳು. ವಿಜಾಪುರದ ಕಡೆಯವರು. ಪರಪ್ಪ ಫೋರ್ಟಿನ ಒಂದು ಬಟ್ಟೆ ಪೇಢಿಯಲ್ಲಿ ಗುಮಾಸ್ತನಾಗಿದ್ದ. ನಾನು ಆಗ ಚಿಕ್ಕವಳು. ಇಲ್ಲಿ ಹೇಳುತ್ತಿರುವುದರಲ್ಲಿ ಅರ್ಧ ನನಗೆ ಶರಣವ್ವ ಹೇಳಿದ್ದು, ಉಳಿದದ್ದು ಬಹಳ ವರ್ಷಗಳ ಮೇಲೆ ರುದ್ರವ್ವನೇ ಹೇಳಿದ್ದು.

ಅವಳಿಗೆ ಹದಿನಾಲ್ಕರಲ್ಲಿ ಮದುವೆಯಾಗಿತ್ತು. ಗಂಡ ಕಾಶಪ್ಪ ಇನ್ನೂ ಮ್ಯಾಟ್ರಿಕ್ ಓದುತ್ತಿದ್ದ ಹುಡುಗ. ಹೆಂಡತಿಗೂ ಇಂಗ್ಲಿಷ್ ಬರಬೇಕೆಂದು ಅವನಿಗೆ ಹುಚ್ಚು. ಮನೆಯಲ್ಲಿ ಪಾಟಿ ಹಿಡಿದು ಕೂತರೆ ಹಿರಿಯರು ನಗುತ್ತಾರೆ. ಅದಕ್ಕೆ ಅವಳು ಜೋಳದ ಹಿಟ್ಟು ಸೋಸುವಾಗ ಅಡಿಗೆಮನೆಗೆ ಬಂದು, ಪರಾತದಲ್ಲಿ ಹರಡಿದ ಹಿಟ್ಟಿನ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ತೋರಿಸುತ್ತಿದ್ದ. ಅವನ ತಾಯಿಯ ಹೆಜ್ಜೆ ಕೇಳಿದರೆ ಅಂಗೈಯಿಂದ ಸವರಿ ಅಳಿಸಿಬಿಡುತ್ತಿದ್ದ. ಒಂದು ವರ್ಷವೂ ಸರಿಯಾಗಿ ಕೂಡಿ ಬಾಳಲಿಲ್ಲ. ವಿಷಮಜ್ವರ ಬಂದು ಕಾಶಪ್ಪ ತೀರಿಹೋದ.

ಅವರ ಮನೆತನದಲ್ಲಿ ವಿಧವೆಗೆ ಮರುಮದುವೆ ಮಾಡುವ ರೂಢಿ ಇರಲಿಲ್ಲ. ನಾಲ್ಕು ವರ್ಷ ಅತ್ತೆಯ ಮನೆಯಲ್ಲಿ ಸೆಗಣಿ, ನೀರು ಅಂತ ಕಳೆದ ತಂಗಿಯನ್ನು ಪರಪ್ಪ ಮುಂಬಯಿಗೆ ಕರೆತಂದ. ಮಧ್ಯಾಹ್ನ ಹೆಂಗಸರಿಗಾಗಿ ನಡೆಯುತ್ತಿದ್ದ ಒಂದು ಕ್ಲಾಸಿಗೆ ಸೇರಿಸಿದ. ಪರೀಕ್ಷೆಗೆ ಕಟ್ಟುವಾಗ ಅವಳ ಹೆಸರಿನ ಮುಂದೆ ಗಂಡನ ಹೆಸರು ಬರೆಸದೆ ತಂದೆಯ ಹೆಸರನ್ನೇ ಬರೆಸಿದ. ಮುಂದೆಂದಾದರೂ ಅವಳಿಗೊಂದು ಗಂಡು ನೋಡಬೇಕೆಂಬುದು ಅವನ ಮನಸ್ಸಿನಲ್ಲಿತ್ತು. ಅದನ್ನು ಅವನು ಯಾರ ಮುಂದೆಯೂ ಆಡಿರಲಿಲ್ಲ. ರುದ್ರವ್ವ ಎಸ್ಸೆಸ್ಸಿ ಪಾಸಾದಳು.

ಹೆಣ್ಣುಮಕ್ಕಳಿಗೆಂದೇ ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಎರಡು ಕಾಲೇಜುಗಳು ಪರಪ್ಪನ ಕಣ್ಣಿಗೆ ಬಿದ್ದವು. ಸೇಂಟ್ ಲೂಸಿ ಗ್ರಾಂಟ್ ರೋಡಿನ ಕಡೆ, ಸೇಂಟ್ ಬಾರ್ಬರಾ ಬಾಂದ್ರಾದ ಕಡೆ. ದಾದರಿನಿಂದ ಎರಡಕ್ಕೂ ಲೋಕಲ್‌ನಲ್ಲಿ ಹೆಚ್ಚುಕಡಿಮೆ ಒಂದೇ ದೂರ. ಅದೇ ಯೂನಿವರ್ಸಿಟಿ, ಅದೇ ಪಾಠ, ಅದೇ ಫೀ. ಪೇಢಿಯ ಕೆಳಗಿನ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಿದ್ದ ಚೆನ್ನಯನನ್ನು ಪರಪ್ಪ ಕೇಳಿದ. ಚೆನ್ನಯನ ಊರಿನ ಕೆಲವು ಹುಡುಗಿಯರು ಎರಡೂ ಕಡೆ ಓದಿದ್ದರು.

"ಎರಡೂ ಒಂದೇ ಹಿಟ್ಟಿನ ದೋಸೆ ಮಾರಾಯ್ರೆ," ಎಂದ ಚೆನ್ನಯ. "ಯಾವುದು ತಿಂದರೂ ಹೊಟ್ಟೆ ತುಂಬ್ತದೆ."

ಒಂದು ಶನಿವಾರ ಪೇಢಿಗೆ ರಜೆ ಹಾಕಿ ಪರಪ್ಪ ತಂಗಿಯನ್ನು ಎರಡೂ ಕಡೆ ಕರೆದುಕೊಂಡು ಹೋದ. ಎರಡೂ ಕಲ್ಲಿನ ಕಟ್ಟಡ, ಎರಡರಲ್ಲೂ ಬಾಗಿಲೊಳಗೆ ಮೇಣದ ಮತ್ತು ಒದ್ದೆ ಕೊಡೆಗಳ ವಾಸನೆ.

ಲೂಸಿಯ ಮುಖ್ಯಸ್ಥೆ ಮದರ್ ಬೆನಿಗ್ನಾ, ಜರ್ಮನಿಯಿಂದ ಬಂದ ಮುದುಕಿ. ಪರಪ್ಪ ತಂಗಿಯ ಕತೆಯನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ. ಆಕೆ ಕೇಳಿ, ರುದ್ರವ್ವನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರಿದೆಯಲ್ಲ, ಹಾಗೇ ಇರಲಿ, ಇಲ್ಲಿ ಇವಳು ಮಿಸ್ ರುದ್ರವ್ವ, ಯಾರಿಗೂ ಏನೂ ತಿಳಿಯಬೇಕಾಗಿಲ್ಲ, ಇನ್ನೂ ಎಳೆಯ ಜೀವ, ಎಂದಳು. ಅವಳ ಕಣ್ಣಲ್ಲಿ ನೀರಿತ್ತು.

ಬಾರ್ಬರಾದ ಮದರ್ ಕ್ಲೊತಿಲ್ಡಾ ಮಂಗಳೂರಿನವಳು. ಇವರು ಎಲ್ಲಿಯವರೆಂದು ಕೇಳಿ ತಿಳಿದು ಕನ್ನಡದಲ್ಲೇ ಮಾತಾಡಿದಳು.

"ಸೀಟು ಉಂಟು. ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸೇರಬೇಕು ನೋಡಿ. ಇವಳು ವಿಧವೆ ಅಂತ ನಾವೇನು ಡಂಗುರ ಹೊಡೆಯುವುದಿಲ್ಲ. ಯಾರಾದರೂ ಕೇಳಿದರೆ ಸುಳ್ಳು ಹೇಳಲಿಕ್ಕೂ ಇಲ್ಲ. ಹುಡುಗಿಯರು, ಅವರ ತಾಯಂದಿರು ಎಂತಾದರೂ ಹೇಳಿಯಾರು." ಆಮೇಲೆ ರುದ್ರವ್ವನ ಕಡೆ ತಿರುಗಿ, "ಅದನ್ನು ನೀನು ತಡಕೊಳ್ಳಬೇಕಾಗ್ತದೆ ಮಗಳೇ," ಎಂದಳು.

ವಾಪಸು ಬರುವಾಗ ಬಾಂದ್ರಾ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಅಣ್ಣತಂಗಿ ಕೂತರು.

"ಎರಡೂ ಒಂದ ನಮೂನಿ ಅದಾವ," ಎಂದ ಪರಪ್ಪ. "ಆದ್ರ ಇಲ್ಲಿ ನಮ್ಮ ಮಾತು ಬಲ್ಲವರು ಅದಾರ. ಇವತ್ತಿಲ್ಲ ನಾಳೆ ಸುದ್ದಿ ಹಬ್ಬತೈತಿ. ನಿನಗೇನ ಅನಸತೈತಿ, ಹೇಳು."

"ಲೂಸಿನ ಇರಲಿ ಅಣ್ಣಾ," ಎಂದಳು ರುದ್ರವ್ವ.

ಅಣ್ಣನ ಮಾತಿಗೆ ಹೂಂ ಅಂದಳು ಎಂದೇ ಶರಣವ್ವ ತಿಳಿದಿದ್ದಳು. ಎಷ್ಟೋ ವರ್ಷದ ಮೇಲೆ ರುದ್ರವ್ವ ನನಗೆ ಹೇಳಿದಳು: "ಹಂಗಲ್ಲವಾ. ಒಂದ ಸಲ ಬರೇ ಹುಡುಗಿ ಆಗಿ ಇರಬೇಕು ಅಂತ ನನಗ ಆಸೆ ಆತು. ಆ ಮುದುಕಿ ಕೈ ಹಿಡದಾಗ ಆ ಆಸೆ ಹುಟ್ಟಿತು."

ಚಾಳಿಗೆಲ್ಲ ಅವಳು ಯಾರೆಂದು ಗೊತ್ತಿತ್ತು. ಅಲ್ಲಿಂದ ಹಣೆಗೆ ಇಟ್ಟುಕೊಂಡು ಹೊರಡುವಂತಿರಲಿಲ್ಲ. ಶರಣವ್ವ ಒಂದು ಸಣ್ಣ ಡಬ್ಬಿಯಲ್ಲಿ ಕುಂಕುಮವನ್ನೂ ಎರಡು ಗಾಜಿನ ಬಳೆಗಳನ್ನೂ ಅವಳ ಚೀಲದಲ್ಲಿ ಇಟ್ಟಳು. ದಾದರ್ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನ ಮಬ್ಬು ಕನ್ನಡಿಯ ಮುಂದೆ ರುದ್ರವ್ವ ಬೊಟ್ಟಿಟ್ಟುಕೊಂಡು, ಬಳೆ ತೊಟ್ಟು, ಲೋಕಲ್ ಹತ್ತುತ್ತಿದ್ದಳು. ಸಂಜೆ ಇಳಿದು ಅದೇ ಕನ್ನಡಿಯ ಮುಂದೆ ಒರೆಸಿಕೊಂಡು ಮನೆಗೆ ಬರುತ್ತಿದ್ದಳು. ಮೊದಲ ದಿನ ಒರೆಸಿಕೊಳ್ಳುವಾಗ ಯಾರಾದರೂ ಕಂಡಾರೆಂದು ಎರಡು ಸಲ ಹಿಂದೆ ತಿರುಗಿ ನೋಡಿದಳಂತೆ. ಆಮೇಲೆ ರೂಢಿಯಾಯಿತು.

ಆ ವರ್ಷ ಅವಳು ಸುಖವಾಗಿದ್ದಳು. ಹುಡುಗಿಯರು ವಯಸ್ಸಿಗೆ ಮರ್ಯಾದೆ ಕೊಟ್ಟು ಮರಾಠಿಯಲ್ಲಿ ತಾಈ, ಅಂದರೆ ಅಕ್ಕಾ, ಅಂತ ಕರೆಯುತ್ತಿದ್ದರು. ಗಿರಗಾಂವ್‌ನ ವಿನೋದಿನಿ ಎಂಬ ಮರಾಠಿ ಹುಡುಗಿ ಅವಳನ್ನು ಬಿಟ್ಟು ಇರುತ್ತಿರಲಿಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಮಾಘದಲ್ಲಿ ವಿನೋದಿನಿಯ ಅಕ್ಕನ ಮದುವೆ ಬಂತು. ರುದ್ರವ್ವ ಮದುವೆಯ ದಿನ ಹೋದರೆ ಸಾಕೆಂದುಕೊಂಡಿದ್ದಳು. ವಿನೋದಿನಿ ಅರಿಶಿನದ ದಿನವೇ ಎಳೆದುಕೊಂಡು ಹೋದಳು. ಮದುಮಗಳ ಸುತ್ತ ಹೆಂಗಸರು ಸೇರಿದ್ದರು. ಯಾರೋ ಅರಿಶಿನದ ಬಟ್ಟಲನ್ನು ರುದ್ರವ್ವನ ಕೈಗೆ ಕೊಟ್ಟರು. ಹಿಂದೆ ಸರಿದರೆ ಯಾಕೆಂದು ಕೇಳುತ್ತಾರೆ. ಅವಳು ಬಗ್ಗಿ ಮದುಮಗಳ ಕೆನ್ನೆಗೆ, ಕೈಗೆ, ಪಾದಕ್ಕೆ ಹಚ್ಚಿದಳು. ಮನೆಗೆ ಬಂದು ಶರಣವ್ವನಿಗೂ ಹೇಳಲಿಲ್ಲ.

ಅದಾದ ಮೇಲೆ ಒಂದು ದಿನ ಇಂಗ್ಲಿಷ್ ಪಾಠ ಹೇಳುವ ಸಿಸ್ಟರ್, ಪುಸ್ತಕ ಮುಚ್ಚಿಟ್ಟು, ನಿಮಗೆ ಇಂಗ್ಲಿಷಿನ ಮೊದಲ ಅಕ್ಷರ ಕಲಿಸಿದವರು ಯಾರು, ಒಬ್ಬೊಬ್ಬರಾಗಿ ಎದ್ದು ಹೇಳಿ ಎಂದಳು. ಒಬ್ಬಳು ಅಪ್ಪ ಎಂದಳು, ಒಬ್ಬಳು ಪಾರ್ಸಿ ಟೀಚರ್ ಎಂದಳು. ರುದ್ರವ್ವ ಎದ್ದು ನಿಂತಳು. "ನನ್ನ ಅಣ್ಣ," ಎಂದಳು.

"ಒಳ್ಳೆಯ ಅಣ್ಣ," ಎಂದಳು ಸಿಸ್ಟರ್. "ಅವನ ಉಪಕಾರ ಮರೆಯಬೇಡ."

ಆ ಸಂಜೆ ವೇಟಿಂಗ್ ರೂಮಿಗೆ ಹೋಗುವುದೂ ನೆನಪಾಗದೆ ರುದ್ರವ್ವ ಬೊಟ್ಟು, ಬಳೆಯ ಸಮೇತ ಚಾಳಿನ ಮೆಟ್ಟಿಲು ಹತ್ತಿದಳು. ನಳದ ಹತ್ತಿರ ನಿಂತಿದ್ದ ಹೆಂಗಸರ ಮಾತು ನಿಂತಿತು. ಶರಣವ್ವ ಒಳಗೆ ಎಳೆದುಕೊಂಡು ಬಾಗಿಲು ಹಾಕಿದಳು.

"ಏನಾತು?"

"ವೈನಿ, ಅವರು ಹೋಗಿ ಇಷ್ಟ ವರ್ಷ ಆತು. ಅವರದು ಅಂತ ನನ್ನ ಕಡೆ ಏನೂ ಇಲ್ಲ. ಒಂದು ಫೋಟೋ ಸೈತ ಇಲ್ಲ. ಆ ನಾಲ್ಕ ಅಕ್ಷರ ಕಲಿಸಿದ್ದೊಂದ ಇತ್ತು. ಅದನ್ನ ಇವತ್ತ ಅಣ್ಣನ ಹೆಸರಿಗೆ ಹಾಕಿ ಬಂದೆ."

ಶರಣವ್ವ ಸೆರಗಿನ ತುದಿಯನ್ನು ನೀರಿಗೆ ಅದ್ದಿದಳು. ಒದ್ದೆ ಸೆರಗಿನಿಂದ ನಾದಿನಿಯ ಹಣೆ ಒರೆಸಿದಳು.

ಮರುದಿನ ರುದ್ರವ್ವ ಮದರ್ ಬೆನಿಗ್ನಾಳ ಕೋಣೆಗೆ ಹೋಗಿ, ತಾನು ಯಾರೆಂದು ಕ್ಲಾಸಿನಲ್ಲಿ ಹೇಳಿಬಿಡಲೇ ಎಂದು ತನಗೆ ಬಂದ ಇಂಗ್ಲಿಷಿನಲ್ಲಿ ಕೇಳಿದಳು. ಮುದುಕಿ ಅವಳನ್ನು ಎದುರಿಗೆ ಕೂರಿಸಿಕೊಂಡಳು. ಈಗ ಹೇಳಿದರೆ ತಾಯಿತಂದೆಯರು ಕಾಲೇಜೇ ಮುಚ್ಚಿಟ್ಟಿತ್ತು ಎನ್ನುತ್ತಾರೆ, ನಿನ್ನ ಮೇಲೂ ಸಿಟ್ಟಾಗುತ್ತಾರೆ, ನಾನು ನಿನಗೆ ನೆರಳಾಗಲಿ ಅಂತ ಮಾಡಿದೆ ಮಗೂ, ಅದನ್ನು ನೀನೇ ಕಿತ್ತುಹಾಕಬೇಡ, ಎಂದಳು. ರುದ್ರವ್ವನಿಗೆ ಆಕೆಯ ಮೇಲೆ ಕೋಪ ಬರಲಿಲ್ಲ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಸುಮ್ಮನಿದ್ದಳು. ಮುಗಿದ ದಿನ ವಿನೋದಿನಿಯನ್ನು ಕಾಲೇಜಿನ ಹಿಂದಿನ ಕಲ್ಲು ಬೆಂಚಿಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದಳು.

ವಿನೋದಿನಿ ಕೊನೆಯವರೆಗೂ ಕೇಳಿದಳು. ಮೆಲ್ಲಗೆ ಮರಾಠಿಯಲ್ಲಿ, "ನನ್ನ ಅಕ್ಕನಿಗೆ ಅರಿಶಿನ ಹಚ್ಚಿದೆಯಲ್ಲ ನೀನು," ಎಂದಳು. ಅಷ್ಟು ಹೇಳಿ ಎದ್ದುಹೋದಳು. ಆಮೇಲೆ ಅವಳು ರುದ್ರವ್ವನ ಜೊತೆ ಯಾವತ್ತೂ ಮಾತಾಡಲಿಲ್ಲ. ಆ ಅಕ್ಕ ಗಂಡ ಮಕ್ಕಳ ಜೊತೆ ಚೆನ್ನಾಗಿಯೇ ಬಾಳಿದಳೆಂದು ರುದ್ರವ್ವನಿಗೆ ಬೇರೆಯವರಿಂದ ತಿಳಿಯಿತು. ವರ್ಷಗಳ ಮೇಲೆ ದಾದರಿನ ಸೇತುವೆಯ ಮೇಲೆ ಇಬ್ಬರೂ ಎದುರಾದರು. ವಿನೋದಿನಿ ನೋಡಿದಳು, ತಲೆ ತಗ್ಗಿಸಿ ನಡೆದುಹೋದಳು.

ಕಾಲೇಜು ಬದಲಿಸುತ್ತೇನೆಂದಾಗ ಪರಪ್ಪ ಊಟದ ತಾಟು ಸರಿಸಿದ.

"ನಿನ್ನ ಮುಂದಿನ ಬಾಳಿನ ಸಲುವಾಗಿ ನಾ ಇಷ್ಟೆಲ್ಲಾ ಮಾಡಿದೆ. ಮಿಸ್ ಅಂತ ಬಿ.ಎ. ಆಗಿದ್ರ ಒಂದು ಗಂಡು ನೋಡತಿದ್ದೆ. ಈಗ ನೀನಾಗಿ ಬಾಗಲಾ ಹಾಕ್ಕೋಳಾಕತ್ತಿ."

"ಸುಳ್ಳ ಹೇಳಿ ತಗದ ಬಾಗಲಾ ಅಣ್ಣಾ ಅದು," ಎಂದಳು ರುದ್ರವ್ವ.

ಪರಪ್ಪ ಅವಳ ಜೊತೆ ಮಾತು ಬಿಟ್ಟ. ಆದ್ದರಿಂದ ಬಾರ್ಬರಾಕ್ಕೆ ಅವಳು ಒಬ್ಬಳೇ ಹೋದಳು. ಮದರ್ ಕ್ಲೊತಿಲ್ಡಾಗೆ ಗುರುತು ಸಿಕ್ಕಿತು.

"ಅಲ್ಲಿ ಎಂತ ತೊಂದರೆ ಆಯಿತು?"

"ಏನೂ ತೊಂದರಿ ಇಲ್ರಿ. ಎಲ್ಲಾರೂ ಒಳ್ಳೆಯವರು. ಪಾಠಾನೂ ಚಲೋ ಹೇಳತಾರ."

"ಮತ್ತೆ ಇಲ್ಲಿಗೆ ಯಾಕೆ? ಇಲ್ಲಿ ಇರುವುದೂ ಅದೇ ಪಾಠ."

"ಅಲ್ಲಿ ಸುಳ್ಳ ಹೇಳೀನ್ರಿ. ಅದನ್ನ ಅಲ್ಲಿ ತಿದ್ದಾಕ ಆಗವಲ್ದು. ಇಲ್ಲಿ ಇನ್ನೂ ಹೇಳಿಲ್ಲ."

ಮದರ್ ಅರ್ಜಿಯ ಫಾರಮ್ಮನ್ನು ಅವಳ ಮುಂದೆ ಇಟ್ಟಳು. "ಸರ್ಟಿಫಿಕೇಟಿನಲ್ಲಿ ತಂದೆಯ ಹೆಸರೇ ಇರಲಿ. ಅದನ್ನು ಈಗ ಬದಲು ಮಾಡುವುದು ಕಷ್ಟ. ಬಾಯಿಯಲ್ಲಿ ನಿಜ ಇದ್ದರೆ ಸಾಕು," ಎಂದಳು.

ಬಾರ್ಬರಾದಲ್ಲಿ ಅವಳನ್ನು ಯಾರೂ ಅಕ್ಕಾ ಎನ್ನಲಿಲ್ಲ. ಬಿಳಿಯ ಸೀರೆ, ಹಣೆಗೆ ಬರಿಯ ವಿಭೂತಿ. ಯಾರೋ ಕೇಳಿದರು, ಹೇಳಿದಳು. ವಾರದೊಳಗೆ ಎಲ್ಲರಿಗೂ ತಿಳಿಯಿತು. ಬೆಂಚಿನಲ್ಲಿ ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗ ಎಷ್ಟೋ ತಿಂಗಳು ಖಾಲಿ ಉಳಿಯಿತು. ಸಂಕ್ರಾಂತಿಗೆ ಹುಡುಗಿಯರು ಎಳ್ಳುಬೆಲ್ಲ ಹಂಚುತ್ತ ಬಂದು ಅವಳ ಬೆಂಚನ್ನು ದಾಟಿ ಹೋದರು. ಮಗಳನ್ನು ಬಿಡಲು ಬಂದ ಒಬ್ಬ ತಾಯಿ ಇವಳು ಎದುರಾದಳೆಂದು ಬಾಗಿಲಲ್ಲೇ ಹಿಂತಿರುಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಒಳಗೆ ಬಂದಳು. ಒಂದೆರಡು ಸಲ ರುದ್ರವ್ವನಿಗೆ ಲೂಸಿಯ ನೆನಪಾಗಿ ಅಳು ಬಂತಂತೆ. ಆರಿಸಿದ್ದು ತಪ್ಪಾಯಿತೇನೋ ಎಂದೂ ಅನ್ನಿಸಿತಂತೆ. ಮದರ್ ಕ್ಲೊತಿಲ್ಡಾ ಸಮಾಧಾನದ ಮಾತು ಆಡುವವಳಲ್ಲ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ ಕೊಟ್ಟಳು. ಅಲ್ಲಿ ಕೂತು ರುದ್ರವ್ವ ಓದಿದಳು. ಮೂರು ವರ್ಷದಲ್ಲಿ ಅವಳ ಪಕ್ಕ ಕೂತ ಹುಡುಗಿಯರು ಇಬ್ಬರೋ ಮೂವರೋ. ಅವರಿಗೆ ಅವಳು ಯಾರೆಂದು ಗೊತ್ತಿತ್ತು, ಗೊತ್ತಿದ್ದೇ ಕೂತರು.

ಅಷ್ಟು ದಿನವೂ ಪರಪ್ಪ ಮಾತಾಡಲಿಲ್ಲ. ಆದರೆ ಬಾಂದ್ರಾಕ್ಕೆ ಹೋಗಿಬರುವ ರೈಲಿನ ಪಾಸು ತಿಂಗಳು ತಿಂಗಳು ಮುಗಿಯುವ ಮೊದಲೇ ತಂದು ಶರಣವ್ವನ ಕೈಗೆ ಕೊಡುತ್ತಿದ್ದ. "ಕೊಡು ಆಕಿಗೆ," ಎನ್ನುತ್ತಿದ್ದ. ರುದ್ರವ್ವ ಅಲ್ಲೇ ಎದುರಿಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು.

ಐವತ್ತೇಳರಲ್ಲಿ ಅವಳು ಬಿ.ಎ. ಪಾಸಾದಳು. ಗೋರೆಗಾಂವ್‌ನ ಕಡೆ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಒಂದು ಖೋಲಿ ಹಿಡಿದಳು. ಒಬ್ಬಳೇ ಹೆಂಗಸು ಖೋಲಿ ಹಿಡಿದದ್ದಕ್ಕೆ ಚಾಳಿನಲ್ಲಿ ಮತ್ತೆ ಮಾತಾಯಿತು. ನನ್ನ ತಾಯಿ ಮಾತ್ರ ಸಾಮಾನು ಕಟ್ಟಲು ಹೋಗಿದ್ದಳು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಪರಪ್ಪ ಗೋರೆಗಾಂವ್‌ಗೆ ಹೋಗಿ ತಂಗಿಯ ಬಾಗಿಲು ಬಡಿದ. ಒಳಗೆ ಬಂದು, ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತ.

"ಧಾರವಾಡದ ಒಬ್ಬರು ಮಾಸ್ತರು. ಹೆಂಡತಿ ತೀರಿಕೊಂಡಾಳ. ಒಬ್ಬ ಮಗಳು," ಎಂದ. ನೆಲ ನೋಡುತ್ತಲೇ ಮುಂದುವರಿಸಿದ. "ನಿಂದೆಲ್ಲಾ ಹೇಳೀನಿ. ಕಾಶಪ್ಪನ ಹೆಸರೂ ಹೇಳೀನಿ. ಏನೂ ಮುಚ್ಚಿಲ್ಲ."

ರುದ್ರವ್ವ ಅಣ್ಣನಿಗೆ ನೀರು ಕೊಟ್ಟಳು. ಅವರನ್ನು ನೋಡುವುದಕ್ಕೆ ಒಪ್ಪಿದಳು. ಮುಂದಿನ ತಿಂಗಳು ಆ ಮಾಸ್ತರರು ಬಂದರು. ದಾದರಿನ ಖೋಲಿಯಲ್ಲಿ ಎಲ್ಲರ ಎದುರಿಗೆ ಇಬ್ಬರೂ ಒಂದು ಗಂಟೆ ಮಾತಾಡಿದರು. ಶಾಂತ ಸ್ವಭಾವದವರು, ಒಳ್ಳೆಯ ಮಾತು. ಅವರು ಹೋದ ಮೇಲೆ ರುದ್ರವ್ವ ಹೇಳಿದಳು: "ಆ ಮನಷ್ಯಾನ ಮ್ಯಾಲ ನಂದೇನೂ ದೂರಿಲ್ಲ ಅಣ್ಣಾ. ಆದ್ರ ಶಾಲೀ ಬಿಟ್ಟು ಧಾರವಾಡಕ್ಕ ಹೋಗಬೇಕಾಗತೈತಿ. ನನಗ ಮನಸ್ಸಿಲ್ಲ."

ಪರಪ್ಪ ಈ ಸಲ ತಾಟು ಸರಿಸಲಿಲ್ಲ. "ಆತು ಬಿಡವಾ," ಎಂದ. ಊಟ ಮುಗಿಸಿ, ಕೈ ತೊಳೆದು, ತಂಗಿಯನ್ನು ರೈಲು ಹತ್ತಿಸಲು ಸ್ಟೇಷನ್ನಿಗೆ ಹೊರಟ. ದಾರಿಯುದ್ದಕ್ಕೂ ಅವಳ ಶಾಲೆಯ ವಿಷಯ ಕೇಳುತ್ತ ಹೋದ. ಎಷ್ಟು ಮಕ್ಕಳು, ಯಾವ ಊರಿನವರು, ಬೆಳಿಗ್ಗೆ ಎಷ್ಟಕ್ಕೆ ಗಂಟೆ ಬಾರಿಸುತ್ತಾರೆ ಎಂದೆಲ್ಲ. ಅವಳು ಹೇಳುತ್ತ ಹೋದಳು. ಮಾತು ಮುಗಿಯದ್ದರಿಂದ ಬಂದ ಲೋಕಲನ್ನು ಬಿಟ್ಟು ಮುಂದಿನದಕ್ಕೆ ಕಾದರು.