ಸುಟ್ಟ ಗಿಡದ ಸಿಳ್ಳು

ಇಲ್ಲದ ಸದ್ದು ಕೇಳಿತು ಅನ್ನೋರಿಗೆ, ಕಿವಿ ತೋರಿಸ್ಕೊಂಡು ಬನ್ನಿ ಅಂತಿದ್ದವಳು ನಾನು. ಈಗಲೂ ದೆವ್ವ ಭೂತ ನಂಬೋದಿಲ್ಲ. ಆದದ್ದನ್ನು ಹೇಳ್ತೀನಿ, ನೀವೇ ನೋಡಿ.

ಮಲ್ಲಂದೂರಿನ ಹತ್ತಿರ ಒಂದು ಎಸ್ಟೇಟಿನಲ್ಲಿ ಕೆಲಸಕ್ಕಿದ್ದೆ. ಕಾಂಡ ಕೊರೆಯೋ ಬೋರರ್ ಹುಳ ಬಿದ್ದು ಸುತ್ತಲಿನ ಕಾಫಿ ಗಿಡಗಳೆಲ್ಲ ಒಣಗಿದರೂ ಒಂದು ಹಳೇ ಗಿಡ ಮಾತ್ರ ಹಸಿರಾಗಿ ನಿಂತಿತ್ತು. ನನ್ನ ತಂಗಿ ಮಗಳು ಶೈಲ ಪೇಟೆಯ ಲ್ಯಾಬಿನಲ್ಲಿ ಸಂಶೋಧನೆ ಮಾಡೋಳು. ಹುಳ ಇದನ್ನು ಯಾಕೆ ಮುಟ್ಟಲಿಲ್ಲ ಅಂತ ತಿಳಿಯೋಕೆ ಕಾಂಡದಿಂದ ಒಂದು ಚೂರು ಹೆರೆದುಕೊಂಡಳು. ಇನ್ನೊಮ್ಮೆ ಬಂದಾಗ ಗುರುತು ಸಿಗಲಿ ಅಂತ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿ ಹೋದಳು. ನಮ್ಮ ತೋಟದಲ್ಲಿ ಹುಳ ಬಿದ್ದ ಗಿಡಕ್ಕೇ ಬಟ್ಟೆ ಕಟ್ಟೋದು, ಕಿತ್ತು ಸುಡೋಕೆ. ಅದು ಅವಳಿಗೆ ಗೊತ್ತಿಲ್ಲ. ನಾನು ಜ್ವರ ಬಂದು ಮಲಗಿದ್ದೆ. ಆಳುಗಳು ಅದನ್ನೂ ಕಿತ್ತು ಬೆಂಕಿಗೆ ಹಾಕಿದರು.

"ಬಟ್ಟೆ ಇತ್ತಲ್ಲ ಮಾರಾಯ್ತಿ. ಗಿಡವನ್ನೇ ಕೇಳಬೇಕಿತ್ತಾ?" ಅಂದ ಮೇಸ್ತ್ರಿ.

ಅದರ ಬೀಜವನ್ನೂ ಯಾರೂ ಬೇರೆ ಇಟ್ಟಿರಲಿಲ್ಲ. ಉಳಿದದ್ದು ಶೈಲ ಆ ಚೂರನ್ನು ಅರೆದಿಟ್ಟುಕೊಂಡಿದ್ದ ಚಿಟಿಕೆ ಪುಡಿ ಅಷ್ಟೆ.

ಆ ಪುಡಿಯಲ್ಲಿ ಏನೇನಿದೆ ಅಂತ ತಿಳಿಯೋಕೆ ಅದನ್ನು ಸಣ್ಣ ಕೊಳವೆಗೆ ತುಂಬಿ, ದೊಡ್ಡ ಅಯಸ್ಕಾಂತದೊಳಗೆ ಓರೆಯಾಗಿಟ್ಟು ತಿರುಗಿಸ್ತಾರಂತೆ. ಒಳಗಿರೋ ಹೈಡ್ರೋಜನ್ ಕಣಗಳು ಸಂತೆಯ ಜನದ ಹಾಗೆ ಒಂದರ ಮೇಲೊಂದು ಕೂಗ್ತಾವಂತೆ. ಜೋರಾಗಿ ತಿರುಗಿಸಿದಷ್ಟೂ ಒಂದೊಂದರ ದನಿ ಬೇರೆಯಾಗಿ ತಿಳೀತದೆ, ಮಿತಿ ಮೀರಿದರೆ ಕೊಳವೆಯೇ ಒಡೀತದೆ. ಅವಳಿಗೆ ಬರ್ತಿದ್ದದ್ದು ಬರೀ ಕಲಸಿದ ಗದ್ದಲ. ಇನ್ನೂ ಜೋರಾಗಿ ತಿರುಗಿಸಿ ನೋಡ್ತೀನಿ ದೊಡ್ಡಮ್ಮ ಅಂತ ಫೋನಿನಲ್ಲಿ ಹೇಳಿದ್ದಳು. ಯಾವತ್ತು ಅಂತ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಕಣದಲ್ಲಿ ಕಾಫಿ ಹರವ್ತಾ ಇದ್ದೆ. ಕಿವಿಯಲ್ಲಿ ಸಣ್ಣ ಸಿಳ್ಳು ಎದ್ದಿತು. ಏರ್ತಾ ಏರ್ತಾ ಹಲ್ಲು ಜುಮ್ಮೆನ್ನೋ ಹಾಗಾಯ್ತು. ಪಕ್ಕದವರನ್ನು ಕೇಳಿದೆ, ಯಾರಿಗೂ ಕೇಳಿಸಿಲ್ಲ. ಆಮೇಲೆ ಟಪ್ ಅಂತ ನಿಂತಿತು. ಕಾಫಿ ಕಟ್ಟಿಗೆ ಸುಟ್ಟ ವಾಸನೆ ಬಂತು. ಅವತ್ತು ತೋಟದಲ್ಲೆಲ್ಲೂ ಬೆಂಕಿ ಹಾಕಿರಲಿಲ್ಲ.

ಶೈಲನಿಗೆ ಫೋನ್ ಮಾಡಿದೆ.

"ಈಗಷ್ಟೇ ಕೊಳವೆ ಒಡೀತು ದೊಡ್ಡಮ್ಮ, ಇದ್ದ ಪುಡಿಯೆಲ್ಲ ಹೋಯ್ತು. ದನಿಗಳು ಬೇರೆಯಾಗೋಕೆ ಶುರುವಾಗಿತ್ತು. ನಿಮಗೆ ಯಾರು ಹೇಳಿದ್ರು?"

ಸಿಳ್ಳಿನ ವಿಷಯ ಹೇಳಿದೆ. ಹೇಗಿತ್ತು ಅಂತ ಕೇಳಿದಳು. ನಾಚಿಕೆ ಬಿಟ್ಟು ಬಾಯಲ್ಲೇ ಊದಿ ತೋರಿಸಿದೆ. ಇನ್ನೊಮ್ಮೆ ಊದಿಸಿ ಕೇಳಿದಳು.

"ಒಡೆಯೋ ಮೊದಲು ಕೊಳವೆ ತಿರುಗುವಾಗ ಬಂದದ್ದು ಅದೇ ಸದ್ದು" ಅಂದಳು.

ಆ ಯಂತ್ರವನ್ನು ನಾನು ಕಂಡವಳಲ್ಲ, ಅದರ ಸದ್ದು ಕೇಳಿದವಳಲ್ಲ. ಶೈಲನೂ ಇವತ್ತಿನವರೆಗೆ ಇದಕ್ಕೊಂದು ಕಾರಣ ಹೇಳಿಲ್ಲ. ಗಿಡ ಏನೋ ಹೇಳೋಕೆ ಹೊರಟಿತ್ತು, ಪೂರ್ತಿ ಕೇಳಿಸಿಕೊಳ್ಳೋಕೆ ಅವಳಿಗೂ ಆಗಲಿಲ್ಲ, ನನಗೂ ಆಗಲಿಲ್ಲ. ಹುಳ ಈಗ ಪಕ್ಕದ ತೋಟಕ್ಕೂ ಬಿದ್ದಿದೆ.