ಇಲಿಗಳಿಗಾಗಿ ಕೊಂಡ ದುರ್ಬೀನು

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ನಾನು ಕುವೈತಿನ ರಿಗ್ಗೈಯಲ್ಲಿ ಒಬ್ಬ ಕಫೀಲನ, ಎಂದರೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಅರಬ್ ಧಣಿಯ, ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಅವನಿಗೆ ದಕ್ಷಿಣದ ವಫ್ರಾದಲ್ಲಿ ಒಂದು ಮಜ್ರಾ ಇತ್ತು. ತೋಟಕ್ಕೆ ಅಲ್ಲಿ ಹಾಗೆನ್ನುತ್ತಾರೆ. ಅದನ್ನು ಇಪ್ಪತ್ತು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು. ನಾನು ಕಾಕ ಎಂದು ಕರೆಯುತ್ತಿದ್ದೆ. ಗುರುವಾರ ಆಫೀಸು ಮುಗಿಸಿ ಕೂಲಿಯವರ ಸಂಬಳ ಕೊಡಲು ಹೋದವನು ಅಲ್ಲೇ ಮಲಗಿ ಶುಕ್ರವಾರ ಅಬ್ಬಾಸಿಯಾದ ಮನೆಗೆ ಮರಳುತ್ತಿದ್ದೆ. ನಾವಿಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ.

ಆ ಚಳಿಗಾಲ ಮಜ್ರಾದಲ್ಲಿ ಇಲಿಗಳ ಕಾಟ ವಿಪರೀತವಾಯಿತು. ಕೋಳಿಗೂಡಿನ ಮೊಟ್ಟೆ ತಿಂದವು, ಹನಿ ನೀರಾವರಿಯ ಪೈಪುಗಳನ್ನು ಕಡಿದವು. ವಿಷ ಇಟ್ಟೆವು. ಅದನ್ನು ತಿಂದು ಸತ್ತದ್ದು ಕಫೀಲನ ಬೇಟೆನಾಯಿ. "ವಿಷ ಖಲಾಸ್. ಏರ್‌ಗನ್ ಇದೆಯಲ್ಲ, ಮುದುಕ ಹೊಡೆಯಲಿ. ರಾತ್ರಿ ಕಾಣುವಂಥ ಒಂದು ದುರ್ಬೀನು ನೋಡು, ದುಬಾರಿಯದ್ದು ಬೇಡ" ಎಂದು ಕಫೀಲ್ ನನಗೆ ಹೇಳಿದ. ಕಾಕನ ಗುರಿ ಹೆಸರಾದದ್ದು. ಟೊಮೆಟೊ ಕುಕ್ಕುವ ಹಕ್ಕಿಗಳನ್ನು ಅವರು ಒಂದೇ ಏಟಿಗೆ ಬೀಳಿಸುತ್ತಿದ್ದುದನ್ನು ನಾನೇ ಕಂಡಿದ್ದೆ.

ನಾನು ಅಂಗಡಿಗಳನ್ನು ಸುತ್ತತೊಡಗಿದೆ. ಮೈಯ ಶಾಖವನ್ನೇ ಹಿಡಿದು ತೋರಿಸುವ ದುರ್ಬೀನಿನ ಬೆಲೆಗೆ ಒಂದು ಹಳೆಯ ಕಾರು ಬರುತ್ತಿತ್ತು. ಶುಕ್ರವಾರದ ಸಂತೆಯಲ್ಲಿ ಯಾವುದೋ ಸೈನ್ಯದವರು ಬಿಟ್ಟುಹೋದ ಹಸಿರು ಬೆಳಕಿನದೊಂದು ಸಿಕ್ಕಿತು, ನೋಡಿದರೆ ನಡುವೆಯೇ ಸುಟ್ಟ ಕಲೆ. ಮೊದಲು ಕೆಂಪು ಗಾಜಿನ ಟಾರ್ಚು ಒಯ್ದೆ. ಇಲಿಗೆ ಕೆಂಪು ಬೆಳಕು ಅಷ್ಟಾಗಿ ಕಾಣುವುದಿಲ್ಲ ಎಂದು ಅಂಗಡಿಯವನು ಹೇಳಿದ್ದ. ಆದರೆ ಧೂಳಿನ ನಡುವೆ ನಮಗೂ ಏನೂ ಕಾಣಲಿಲ್ಲ. ಕೊನೆಗೆ ಬಂದೂಕಿನ ಮೇಲೆ ಕೂರಿಸುವ, ಕ್ಯಾಮೆರಾದಂಥ ಒಂದನ್ನು ಆರಿಸಿದೆ. ಅದರ ಜೊತೆಗೆ ಬರುವ ದೀಪದ ಬೆಳಕು ಕಣ್ಣಿಗೆ ಕಾಣದು, ಪರದೆಯಲ್ಲಿ ಮಾತ್ರ ಎಲ್ಲವೂ ಬೂದುಬಣ್ಣದಲ್ಲಿ ಮೂಡುತ್ತದೆ. ಮೂವತ್ತು ಹೆಜ್ಜೆಯಾಚೆ ಮಸುಕು. ಕೋಳಿಗೂಡಿನ ಉದ್ದ ಅಷ್ಟೂ ಇರಲಿಲ್ಲ. ಕಡಿಮೆಯಲ್ಲಿ ಸರಿಯಾದದ್ದನ್ನು ಹುಡುಕಿದೆನೆಂದು ಹೆಮ್ಮೆಪಟ್ಟೆ.

ಎರಡು ವಾರ ಕಳೆದರೂ ಒಂದು ಇಲಿಯೂ ಬೀಳಲಿಲ್ಲ.

"ಇದರಲ್ಲಿ ಎಂತದೋ ಸರಿ ಇಲ್ಲ ಮಾರಾಯ್ರೆ, ಚಿತ್ರ ಓಡ್ತದೆ" ಎಂದರು ಕಾಕ. ಬ್ಯಾಟರಿ ಬದಲಿಸಿದೆ. ಇಪ್ಪತ್ತು ಹೆಜ್ಜೆ ದೂರದಲ್ಲಿ ಹಾಲಿನಪುಡಿಯ ಡಬ್ಬ ಇಟ್ಟು ಗುರಿ ಹೊಂದಿಸಿದೆ. ನಾನು ಹೊಡೆದರೆ ತಾಗುತ್ತಿತ್ತು. ಆದರೂ ಅವರ ಮಾತಿಗೆ ಬೆಲೆ ಕೊಟ್ಟು, ಅಂಗಡಿಯವನ ಜೊತೆ ಜಗಳವಾಡಿ ಬೇರೆಯದನ್ನು ತಂದೆ. ಅದರಲ್ಲೂ ಅದೇ ಕಥೆ.

ಮುಂದಿನ ಗುರುವಾರ ಅವರ ಪಕ್ಕದಲ್ಲೇ ಕುಳಿತೆ. ಬಲಗೈಯ ಮನುಷ್ಯ ಬಂದೂಕನ್ನು ಎಡಭುಜಕ್ಕೆ ಆನಿಸಿಕೊಂಡಿದ್ದರು. ಮೇವಿನ ಚೀಲದ ಮೇಲೆ ಒಂದು ಹೆಗ್ಗಣ ಬಂದು ಕೂತಿತು. ಅವರು ನಳಿಕೆಯನ್ನು ಆಚೀಚೆ ತಿರುಗಿಸುತ್ತ ಹುಡುಕಿದರು, ಹುಡುಕುತ್ತಲೇ ಇದ್ದರು. ನಾನು ಎದ್ದು ದೀಪ ಹಾಕಿದೆ. ಅವರ ಬಲಗೆನ್ನೆಯ ಹತ್ತಿರ ಮೆಲ್ಲಗೆ ಕೈಯಾಡಿಸಿದೆ. ಅವರಿಗೆ ಗೊತ್ತಾಗಲಿಲ್ಲ.

"ಕಾಕ, ಈ ಕಣ್ಣು ಯಾವಾಗ ಹೋದದ್ದು?"

ಅವರು ಬಂದೂಕನ್ನು ಮಡಿಲಲ್ಲಿ ಇಟ್ಟುಕೊಂಡರು. "ಒಂದು ವರ್ಷ ಆಯ್ತು. ಎಡದ್ದರಲ್ಲಿ ಪೈಪಿನೊಳಗಿಂದ ನೋಡಿದ ಹಾಗೆ ಕಾಣ್ತದೆ. ಹಗಲಿಗೆ ತೊಂದರೆ ಇಲ್ಲ." ದನಿ ತಗ್ಗಿಸಿ, "ಯಾರಿಗೂ ಹೇಳ್ಬೇಡಿ. ಇಕಾಮಾ ಮುಗಿಲಿಕ್ಕೆ ಆಯ್ತು. ಅದು ಒಮ್ಮೆ ರಿನ್ಯೂ ಆಗ್ಲಿ" ಎಂದರು. ಇಕಾಮಾ ಎಂದರೆ ಆ ದೇಶದಲ್ಲಿ ಇರಲು ಬೇಕಾದ ಪರವಾನಗಿ, ಕಫೀಲ್ ಒಪ್ಪಿದರಷ್ಟೇ ಮುಂದುವರಿಯುವಂಥದ್ದು.

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಂದಿನಿಂದ ಗುರುವಾರ ರಾತ್ರಿ ನಾನೇ ಹೊಡೆಯತೊಡಗಿದೆ. ಬೆಳಗ್ಗೆ ಸತ್ತ ಇಲಿಗಳನ್ನು ಅವರು ಗೂಡಿನ ಬಾಗಿಲ ಬಳಿ ಸಾಲಾಗಿ ಮಲಗಿಸುತ್ತಿದ್ದರು, ಕಫೀಲ್ ಬಂದರೆ ಕಾಣಲಿ ಎಂದು. ವಾರಕ್ಕೊಂದು ರಾತ್ರಿಯ ಬೇಟೆಯಿಂದ ಇಲಿಗಳು ಕಡಿಮೆಯಾಗುತ್ತವೆಯೇ? ಮೊಟ್ಟೆ ಹೋಗುತ್ತಲೇ ಇತ್ತು.

ಒಂದು ಸಂಜೆ ಕಫೀಲ್ ನನ್ನನ್ನು ತನ್ನ ದಿವಾನಿಯಾಕ್ಕೆ, ಎಂದರೆ ಗಂಡಸರು ಕೂಡುವ ಚಾವಡಿಗೆ, ಕರೆಸಿದ. ನೆಂಟರು, ಸ್ನೇಹಿತರು ಚಹಾ ಕುಡಿಯುತ್ತ ಕುಳಿತಿದ್ದರು. "ಎರಡು ದುರ್ಬೀನು ತಂದೆ, ಎರಡೂ ಕಸ. ಅಂಗಡಿಯವನು ನಿನಗೆ ಎಷ್ಟು ಕೊಟ್ಟ?" ಎಂದು ಎಲ್ಲರೆದುರು ಕೇಳಿದ. ಯಾರೋ ನಕ್ಕರು. ಏಳು ವರ್ಷ ಅವನ ಬಳಿ ದುಡಿದಿದ್ದೆ, ಅಂಥ ಮಾತು ಕೇಳಿರಲಿಲ್ಲ.

"ದುರ್ಬೀನು ಚೆನ್ನಾಗಿಯೇ ಇದೆ. ಹೊಡೆಯುವವನಿಗೆ ಕಣ್ಣು ಕಾಣುವುದಿಲ್ಲ" ಎಂದುಬಿಟ್ಟೆ.

ಕಫೀಲ್ ಕ್ರೂರಿಯಲ್ಲ. ಮರುದಿನ ತಾನೇ ಕಾಕನನ್ನು ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದದ್ದು ಮರಳಿ ಬಾರದು, ಬೇಗ ಬಂದಿದ್ದರೆ ಇನ್ನಷ್ಟು ಉಳಿಯುತ್ತಿತ್ತು, ಇನ್ನಾದರೂ ದಿನ ತಪ್ಪದೆ ಹನಿ ಹಾಕಿ ಎಂದರಂತೆ. ಇಕಾಮಾ ರಿನ್ಯೂ ಆಗಲಿಲ್ಲ. ಬರಬೇಕಾದುದನ್ನೆಲ್ಲ ಕೊಟ್ಟು, ಟಿಕೆಟು ತೆಗೆಸಿ, ಕಫೀಲ್ ಅವರನ್ನು ಊರಿಗೆ ಕಳಿಸಿದ.

ಏರ್‌ಪೋರ್ಟಿಗೆ ಬಿಟ್ಟುಬಂದವನು ನಾನೇ. ವಫ್ರಾದಿಂದ ಹೊರಟು ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಯ ಚಿಮಣಿಗಳನ್ನು ದಾಟಿದೆವು. ಆಮೇಲೆ ನಾನು, "ಕಾಕ, ಅವತ್ತು ಬಾಯಿತಪ್ಪಿ ಬಂತು" ಎಂದೆ.

"ನೀವು ಸುಳ್ಳು ಹೇಳ್ಲಿಲ್ಲ" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, ದೂರುವ ದನಿಯೇ ಇಲ್ಲದೆ, "ಎಷ್ಟು ಅಂಗಡಿ ಸುತ್ತಿದ್ರಿ ಆ ದುರ್ಬೀನಿಗೆ. ಗೊತ್ತಾದ ಮೇಲೆ ಒಂದು ದಿನ ನನ್ನನ್ನು ಡಾಕ್ಟರ ಹತ್ರ ಕರ್ಕೊಂಡು ಹೋಗ್ಬಹುದಿತ್ತಲ್ವಾ? ನನಗೆ ಹೆದರಿಕೆ ಇತ್ತು. ನಿಮಗೆ ಇರ್ಲಿಲ್ಲ" ಎಂದರು.

ನಿಜಕ್ಕೂ ಅದು ನನಗೆ ಹೊಳೆದಿರಲಿಲ್ಲ. ಗುಟ್ಟು ಕಾಯುವುದೇ ದೊಡ್ಡ ಉಪಕಾರ ಎಂದುಕೊಂಡಿದ್ದೆ.

ಕಾಕನ ಜಾಗಕ್ಕೆ ಬಂದವನು ಅದೇ ದುರ್ಬೀನಿನಿಂದ ಎರಡು ತಿಂಗಳಲ್ಲಿ ಕೋಳಿಗೂಡನ್ನು ಶುಚಿ ಮಾಡಿದ. ಕಫೀಲ್ ನನ್ನ ಬೆನ್ನು ತಟ್ಟಿದ.

ಮೂರು ವರ್ಷಗಳ ನಂತರ ರಜೆಯಲ್ಲಿ ಊರಿಗೆ ಹೋದಾಗ ಕಾಕನ ಮನೆಗೆ ಹೋದೆ. ಜಗಲಿಯ ಕಟ್ಟೆಯ ಮೇಲೆ ಕುಳಿತಿದ್ದರು. ದನಿಯಿಂದಲೇ ಗುರುತಿಸಿ ಚಹಾ ಮಾಡಲು ಒಳಗೆ ಕೂಗಿ ಹೇಳಿದರು. ಎಡಗಣ್ಣೂ ಹೋಗಿತ್ತು. ಹನಿ ಮುಗಿದಾಗ ತರುವವರಿರಲಿಲ್ಲ, ಆಮೇಲೆ ತಂದರೂ ಪ್ರಯೋಜನವಾಗಲಿಲ್ಲ ಎಂದು ಅವರ ಹೆಂಡತಿ ಹೇಳಿದರು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯವರೊಬ್ಬರು ಅವರನ್ನು ನಮಾಜಿಗೆ ಕರೆದೊಯ್ಯಲು ಬಂದರು. ಕಾಕ ಆ ಮನುಷ್ಯನ ತೋಳು ಹಿಡಿದು ಮೆಟ್ಟಿಲಿಳಿದರು. ನಾನು ಬಸ್ಸಿನ ಹೊತ್ತಾಯಿತೆಂದು ಹೊರಟುಬಂದೆ.